ಜುಲೈಯಲ್ಲಿ ಅಂಜಲ್ ಕೇಳಬೇಡಿ

ಮಳೆ ನೋಡಲೆಂದು ಮಂಗಳೂರು, ಉಡುಪಿ ಕಡೆಗೆ ಹೊರಡುವ ಸ್ನೇಹಿತರು ಫೋನು ಮಾಡಿ ಮೊದಲು ಕೇಳುವುದೇ "ಒಳ್ಳೆಯ ಅಂಜಲ್ ಮೀನಿನ ಫ್ರೈ ಎಲ್ಲಿ ಸಿಗುತ್ತದೆ?" ಎಂದು. ಜೂನ್, ಜುಲೈಯಲ್ಲಿ ಬರುವುದಾದರೆ ಅಂಜಲ್ ಆಸೆ ಬಿಟ್ಟು ಬನ್ನಿ ಎನ್ನುತ್ತೇನೆ. ಹಾಗೆಂದರೆ ಕೆಲವರಿಗೆ ಬೇಸರವಾಗುತ್ತದೆ. ಆದರೂ ಹೇಳಲೇಬೇಕು.

ನಮ್ಮ ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಯಾಂತ್ರಿಕ ಬೋಟುಗಳು ಕಡಲಿಗಿಳಿಯುವಂತಿಲ್ಲ. ಎಷ್ಟೋ ಮೀನುಗಳು ಮೊಟ್ಟೆಯಿಡುವ ಕಾಲವದು, ಕಡಲೂ ಪ್ರಕ್ಷುಬ್ಧ. ಮಲ್ಪೆ ಬಂದರಿನಲ್ಲಿ, ಮಂಗಳೂರಿನ ದಕ್ಕೆಯಲ್ಲಿ ಬೋಟುಗಳು ಸಾಲಾಗಿ ನಿಂತಿರುತ್ತವೆ. ಹಾಗಾದರೆ ಹೆದ್ದಾರಿ ಬದಿಯ ಹೋಟೆಲಿನ ತಟ್ಟೆಗೆ ಅಂಜಲ್ ಬರುವುದೆಲ್ಲಿಂದ? ಒಂದೋ ಶೈತ್ಯಾಗಾರದಿಂದ, ಇಲ್ಲವೇ ಪೂರ್ವ ಕರಾವಳಿಯಿಂದ ಐಸಿನಲ್ಲಿ ಹುದುಗಿ ಲಾರಿಯಲ್ಲಿ. ಅಲ್ಲಿನ ನಿಷೇಧ ಏಪ್ರಿಲ್ 15ರಿಂದ ಜೂನ್ 14ರವರೆಗೆ. ಜೂನ್ 15ರಿಂದ ಇಲ್ಲಿ ಬಾಗಿಲು ಮುಚ್ಚಿರುವಾಗ ಅಲ್ಲಿ ತೆರೆದಿರುತ್ತದೆ. ಅದನ್ನು ತಿಂದರೆ ತಪ್ಪೇನಿಲ್ಲ. ಆದರೆ ಅಷ್ಟು ದೂರದಿಂದ ಬಂದ ಮೀನಿಗೆ ದುಬಾರಿ ದುಡ್ಡು ಕೊಟ್ಟು "ಕರಾವಳಿಯ ತಾಜಾ ಮೀನು ತಿಂದೆವು" ಎಂದು ಫೋಟೋ ಹಾಕುವಾಗ ನನಗೆ ಸಂಕಟವಾಗುತ್ತದೆ. ಅದೇ ಹೊತ್ತಿಗೆ ಮಳೆಗಾಲ ಇಲ್ಲಿ ಕೊಡುವುದನ್ನು ಯಾರೂ ಕೇಳುವುದೇ ಇಲ್ಲವಲ್ಲ!

ಪತ್ರೊಡೆಯನ್ನೇ ನೋಡಿ. ಮಳೆ ಹಿಡಿದ ಮೇಲೆ ಮರಗಳ ಮೈಮೇಲೆ ಚಿಗುರುವ ಮರಕೆಸುವಿನ ಎಲೆ ಅದಕ್ಕೆ ಶ್ರೇಷ್ಠ. ಎಲೆಯ ದಪ್ಪ ನರವನ್ನು ಕತ್ತಿಯಿಂದ ಹೆರೆದು, ಅಂಗೈಯಿಂದ ಹಿಟ್ಟು ಸವರಿ, ಮೇಲೊಂದು ಎಲೆ, ಮತ್ತೆ ಹಿಟ್ಟು, ಹೀಗೆ ಹೇರಿ ಸುರುಳಿ ಸುತ್ತಿ ಹಬೆಯಲ್ಲಿ ಬೇಯಿಸುತ್ತಾರೆ. ಹಿಟ್ಟಿನಲ್ಲಿ ನೆನೆಸಿ ರುಬ್ಬಿದ ಅಕ್ಕಿಯ ಜೊತೆ ಮೆಣಸು, ಕೊತ್ತಂಬರಿ, ಬೆಲ್ಲ ಎಲ್ಲವೂ ಇರುತ್ತವೆ, ಆದರೆ ಹುಣಸೆಹುಳಿಯಲ್ಲಿ ಜಿಪುಣತನ ಮಾಡುವಂತಿಲ್ಲ. ಹುಳಿ ಕಡಿಮೆಯಾದರೆ ಗಂಟಲು ತುರಿಸುತ್ತದೆ. ತಣ್ಣಗಾದ ಮೇಲೆ ಬಿಲ್ಲೆ ಬಿಲ್ಲೆಯಾಗಿ ಕೊಯ್ದು, ತೆಂಗಿನೆಣ್ಣೆಯಲ್ಲಿ ಅಂಚು ಗರಿಯಾಗುವವರೆಗೆ ಕಾಯಿಸಬೇಕು. ಹೊರಗೆ ಧೋ ಎಂದು ಸುರಿಯುತ್ತಿರುವಾಗ ಇದಕ್ಕೆ ಸಾಟಿಯಾದ ತಿಂಡಿ ನನಗಂತೂ ಗೊತ್ತಿಲ್ಲ.

ಕಣಿಲೆ (ಎಳೆ ಬಿದಿರು), ತಜಂಕ್ (ತಗಟೆ) ಸೊಪ್ಪಿನ ವಡೆ, ಉಪ್ಪಿನಲ್ಲಿಟ್ಟ ಹಲಸಿನ ಸೊಳೆಯ ಪಲ್ಯ, ಇವೂ ಆಟಿ ತಿಂಗಳ, ಅಂದರೆ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ತುಳು ತಿಂಗಳ, ಊಟವೇ. ಮೀನಿನ ವಾಸನೆಯಾದರೂ ಬೇಕೆನ್ನುವವರು ಕುಚ್ಚಲಕ್ಕಿ ಗಂಜಿಯ ಜೊತೆ ಒಣ ಸೀಗಡಿ ಚಟ್ನಿ ಕೇಳಿ. ಬೇಸಗೆಯಲ್ಲಿ ಒಣಗಿಸಿಟ್ಟುಕೊಂಡ ಸೀಗಡಿ ಈ ದಿನಗಳಿಗಾಗಿಯೇ ಇರುವುದು. ಅದೃಷ್ಟವಿದ್ದರೆ ನಾಡದೋಣಿಯವರು ತಂದ ಹಸಿ ಮೀನೂ ಸಿಕ್ಕೀತು.

ಆಟಿ ಅಮಾವಾಸ್ಯೆಯ ದಿನ ಇಲ್ಲಿದ್ದರೆ ಬೆಳಿಗ್ಗೆ ಪಾಲೆ (ಹಾಲೆ) ಮರದ ತೊಗಟೆಯ ಕಷಾಯ, ಅದರ ಹಿಂದೆಯೇ ಮೆಂತೆ ಗಂಜಿ. ಕಷಾಯ ಬಲು ಕಹಿ. ತೊಗಟೆಯನ್ನು ಮರ ಬಲ್ಲವರೇ ತಂದಿರಬೇಕು. ಗುರುತು ತಪ್ಪಿ ವಿಷದ ಕಾಸರಕದ ತೊಗಟೆ ತಂದರೆ ಜೀವಕ್ಕೇ ಅಪಾಯ.

ಕುಡಿಯುವ ನೀರಿನ ಬಗ್ಗೆ ಒಂದೇ ಮಾತು: ಮಳೆಗಾಲದಲ್ಲಿ ತೆರೆದ ಬಾವಿಗೆ ಹೊರಗಿನ ನೀರು ಸೇರುತ್ತದೆ, ಕುದಿಸಿದ ನೀರನ್ನೇ ಕೇಳಿ. ಸಂಜೆಗೆ ಬಿಸಿ ಗೋಳಿಬಜೆಯ ಜೊತೆ ಕೊತ್ತಂಬರಿ ಜೀರಿಗೆಯ ಕಷಾಯ ಕುಡಿಯಿರಿ. ಬೊಂಡ (ಎಳನೀರು), ಪುನರ್ಪುಳಿ (ಕೋಕಂ) ಶರಬತ್ತು ಬೆವರು ಕಿತ್ತುಬರುವ ಏಪ್ರಿಲ್, ಮೇ ತಿಂಗಳಿಗೆ ಸರಿ.

ಇಷ್ಟಾದ ಮೇಲೂ ಮೀನೇ ಬೇಕು ಎನ್ನುವವರು ಆಗಸ್ಟ್ ಮಧ್ಯದ ನಂತರ ಬನ್ನಿ. ಆಗಲೂ ಅಂಜಲ್ ಎಂದು ಹಟ ಹಿಡಿಯದೆ ಮಾರುಕಟ್ಟೆಯಲ್ಲಿ ಬಂಗುಡೆ ನೋಡಿ. ಮೀನು ಮಾರುವ ಅಕ್ಕನಿಗೆ ಹೇಳಿದರೆ ಹೆಬ್ಬೆರಳಿನಿಂದ ಕಿವಿರು ಎತ್ತಿ ತೋರಿಸುತ್ತಾರೆ. ಒಳಗೆ ಕಡುಕೆಂಪಾಗಿರಬೇಕು, ಕಣ್ಣು ತಿಳಿಯಾಗಿರಬೇಕು, ಒತ್ತಿದ ಜಾಗ ಕುಳಿ ಬೀಳದೆ ಮೇಲೇಳಬೇಕು. ಅಂಥ ಬಂಗುಡೆ ಸಿಕ್ಕರೆ ಹುಳಿ-ಖಾರದ ಪುಳಿಮುಂಚಿ ಸಾರು ಮಾಡಿಸಿಕೊಳ್ಳಿ, ಜೊತೆಗೆ ನೀರುದೋಸೆ ಇರಲಿ.