ಪುಸ್ತಕಕ್ಕೆ ಕೀಲಿ, ಸಪ್ತಾಹಕ್ಕೆ ಹಾರ

ನವೆಂಬರ್ 14 ಬಂತೆಂದರೆ ಹಾವೇರಿ ಜಿಲ್ಲೆಯ ನಮ್ಮೂರಿನ ಸಾರ್ವಜನಿಕ ಗ್ರಂಥಾಲಯದಲ್ಲಿ ಓದುವವರಿಗೆ ಜಾಗವಿರುವುದಿಲ್ಲ. ಅಂದಿನಿಂದ 20ರವರೆಗೆ ರಾಷ್ಟ್ರೀಯ ಗ್ರಂಥಾಲಯ ಸಪ್ತಾಹ. ಓದುವ ಮೇಜುಗಳನ್ನು ಜೋಡಿಸಿ ವೇದಿಕೆ ಕಟ್ಟಬೇಕು, ಕುರ್ಚಿಗಳು ಗಣ್ಯರಿಗೆ ಬೇಕು, ದಿನಪತ್ರಿಕೆಗಳನ್ನು ಒಳಗಿಡಬೇಕು. ಸ್ಪರ್ಧಾತ್ಮಕ ಪರೀಕ್ಷೆಗೆಂದು ದಿನವೂ ಬಂದು ಕೂರುವ ಹುಡುಗ ಹುಡುಗಿಯರು ನೀರಿನ ಬಾಟಲಿ, ನೋಟ್ಸುಗಳ ಸಮೇತ ಬಸ್ ನಿಲ್ದಾಣದ ಕಲ್ಲುಬೆಂಚಿಗೆ ವರ್ಗವಾಗುತ್ತಾರೆ. ಓದುವ ಸಂಸ್ಕೃತಿ ಬೆಳೆಯಬೇಕು ಎಂಬ ಭಾಷಣಕ್ಕೆ ಓದುವವರೇ ಅಡ್ಡಿಯಾಗಬಾರದಲ್ಲ!

ನಮ್ಮದು ಏಲಕ್ಕಿ ಹಾರಕ್ಕೆ ಹೆಸರಾದ ಜಿಲ್ಲೆ. ಇಲ್ಲಿಯ ಶಿಗ್ಗಾವಿಯಿಂದ ಗೆದ್ದು ಮುಖ್ಯಮಂತ್ರಿಯಾದ ಬಸವರಾಜ ಬೊಮ್ಮಾಯಿಯವರೇ 2021ರಲ್ಲಿ, ಸರ್ಕಾರಿ ಕಾರ್ಯಕ್ರಮಗಳಲ್ಲಿ ಹಾರ ತುರಾಯಿ ಬೇಡ, ಬೇಕಿದ್ದರೆ ಕನ್ನಡ ಪುಸ್ತಕ ಕೊಡಿ ಎಂದಾಗ ನಮ್ಮೂರಿನ ಸಂಘಟಕರು ಧರ್ಮಸಂಕಟಕ್ಕೆ ಸಿಲುಕಿದರು. ಕೊನೆಗೆ ಎರಡನ್ನೂ ಕೊಡುವ ದಾರಿ ಹಿಡಿದರು. ಗಣ್ಯರು ಏಲಕ್ಕಿ ಹಾರವನ್ನು ಜೋಪಾನವಾಗಿ ಕಾರಿನಲ್ಲಿಟ್ಟುಕೊಂಡು, ಪುಸ್ತಕವನ್ನು ಮೇಜಿನ ಮೇಲೆಯೇ ಮರೆತು ಹೋಗುತ್ತಾರೆ. ಮರುದಿನ ಅದಕ್ಕೆ ಮುದ್ರೆ ಬಿದ್ದು, ದಾಖಲೆ ಪುಸ್ತಕದಲ್ಲಿ ನಮೂದಾಗಿ ಕಪಾಟು ಸೇರುತ್ತದೆ. ಇಲಾಖೆಯ ಖರೀದಿ ತಡವಾದ ವರ್ಷಗಳಲ್ಲೂ ನಮ್ಮ ಸಂಗ್ರಹ ಬೆಳೆದಿರುವುದು ಈ ಮರೆವಿನ ಕೃಪೆಯಿಂದಲೇ.

ಸಪ್ತಾಹದಲ್ಲಿ ಶಾಲಾಮಕ್ಕಳಿಗೆ ಪ್ರಬಂಧ ಸ್ಪರ್ಧೆಯೂ ಇರುತ್ತದೆ. ವಿಷಯ ಗ್ರಂಥಾಲಯದ ಮಹತ್ವ, ಬಹುಮಾನ ಸ್ಟೀಲಿನ ಊಟದ ಡಬ್ಬಿ. ಪುಸ್ತಕ ಕೊಡಬಹುದಿತ್ತಲ್ಲ ಎಂದು ಕೇಳಿದ್ದಕ್ಕೆ ಸಂಘಟಕರೊಬ್ಬರು, “ಮಕ್ಕಳಿಗೆ ಏನಾದರೂ ಉಪಯೋಗಕ್ಕೆ ಬರುವಂಥದ್ದು ಇರಲಿ ಎಂದು” ಅಂದರು.

ಇನ್ನು ಕಪಾಟುಗಳು. ಗಾಜಿನ ಬಾಗಿಲು, ಹಿತ್ತಾಳೆಯ ಕೀಲಿ. ಒಳಗೆ ಕಾದಂಬರಿ, ವಚನ, ಇತಿಹಾಸ, ಕೃಷಿ ಎಲ್ಲವೂ ಇವೆ. ಹೊರಗಿನಿಂದ ಬೆನ್ನಿನ ದರ್ಶನ ಪಡೆದು ಮುಂದೆ ಸಾಗಬೇಕು. ತೆಗೆದುಕೊಡಿ ಎಂದರೆ ಮೇಲ್ವಿಚಾರಕರು ನಿಜವಾದ ಕಳವಳದಿಂದ ಹೇಳುತ್ತಾರೆ: “ನೋಡಿ ಸಾಹೇಬರೇ, ಪುಸ್ತಕ ಕಳೆದರೆ ನನ್ನ ಪಗಾರದಲ್ಲಿ ಮುರಿಯುತ್ತಾರೆ. ಯಾರೂ ಓದದಿದ್ದರೆ ಯಾರ ಪಗಾರದಲ್ಲೂ ಮುರಿಯುವುದಿಲ್ಲ.” ಈ ಮಾತಿಗೆ ಎದುರಾಡುವುದು ಕಷ್ಟ. ಅವರ ಜಾಗದಲ್ಲಿ ನಾನಿದ್ದರೆ ಎರಡು ಕೀಲಿ ಹಾಕುತ್ತಿದ್ದೆ.

ಅವರಿಗೆ ಧೈರ್ಯ ತುಂಬಲೆಂದು ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳ ಬಗ್ಗೆ ಹೇಳಿದೆ. ವರ್ಷದಲ್ಲಿ ಎರವಲು ಹೋದ ಅಥವಾ ಓದಲು ತೆಗೆದ ಪ್ರತಿ 1000 ಸಂಪುಟಗಳಿಗೆ 5 ಕಳೆದುಹೋದರೆ, ಅಪ್ರಾಮಾಣಿಕತೆಯಾಗಲಿ ನಿರ್ಲಕ್ಷ್ಯವಾಗಲಿ ಇಲ್ಲದಿದ್ದಲ್ಲಿ, ಅದನ್ನು ಸಹಜ ನಷ್ಟವೆಂದು ಆ ನಿಯಮ ಒಪ್ಪುತ್ತದೆ. ದೆಹಲಿಯ ಆ ಔದಾರ್ಯ ನಮ್ಮೂರಿಗೆ ಅನ್ವಯಿಸುವುದಿಲ್ಲ, ಇರಲಿ. ಆದರೂ ಅವರು ಕಾಗದದ ಮೇಲೆ ಲೆಕ್ಕ ಹಾಕಿದರು. 200 ಪುಸ್ತಕ ಕೊಟ್ಟ ಮೇಲೆ ಒಂದು ಕಳೆಯುವ ಹಕ್ಕು ಬರುತ್ತದೆ. ಬಹಳ ಹೊತ್ತು ಯೋಚಿಸಿ ಕೇಳಿದರು: “ಮೊದಲು ಕೊಟ್ಟದ್ದೇ ಕಳೆದರೆ?”

ಎಸ್.ಆರ್. ರಂಗನಾಥನ್ 1931ರಲ್ಲಿ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳನ್ನು ಪ್ರಕಟಿಸಿದರು. ಮೊದಲನೆಯದೇ, ಪುಸ್ತಕಗಳಿರುವುದು ಬಳಸುವುದಕ್ಕೆ ಎಂಬುದು. ಯುರೋಪಿನ ಹಳೆಯ ಗ್ರಂಥಾಲಯಗಳಲ್ಲಿ ಪುಸ್ತಕಗಳನ್ನು ಸರಪಳಿಯಿಂದ ಬಿಗಿದಿಡುತ್ತಿದ್ದರು. ಸರಪಳಿ ಬಿಗಿದ ಪುಸ್ತಕವನ್ನು ನಿಂತಲ್ಲೇ ತೆರೆದಾದರೂ ಓದಬಹುದಿತ್ತು. ನಾವು ಅಷ್ಟು ಸಡಿಲ ಬಿಟ್ಟಿಲ್ಲ. ಆಗಸ್ಟ್ 12ರ ಗ್ರಂಥಪಾಲಕರ ದಿನದಂದು ರಂಗನಾಥನ್ನರ ಭಾವಚಿತ್ರವನ್ನು ಅದೇ ಕಪಾಟಿಗೆ ಒರಗಿಸಿ ಪೂಜಿಸುತ್ತಾರೆ. ಹಾರ ಸಾಕಷ್ಟು ಉದ್ದವಿರುವುದರಿಂದ ಕೀಲಿ ಫೋಟೊದಲ್ಲಿ ಬರುವುದಿಲ್ಲ.

ಇದಕ್ಕೆಲ್ಲ ದುಡ್ಡು ನಮ್ಮದೇ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆಯ ಪ್ರಕಾರ ಆಸ್ತಿ ತೆರಿಗೆಯ ಜೊತೆಗೆ ಗ್ರಂಥಾಲಯ ಕರ ಕಟ್ಟುತ್ತೇವೆ. ಸಾವಿರ ರೂಪಾಯಿ ತೆರಿಗೆಗೆ 60 ರೂಪಾಯಿ. ಅದೇ ರಸೀದಿಯಲ್ಲಿ ಭಿಕ್ಷುಕರ ಪುನರ್ವಸತಿಗೆಂದು ಕಟ್ಟುವ ಭಿಕ್ಷುಕರ ಕರ 30 ರೂಪಾಯಿ. ಭಿಕ್ಷೆಗಿಂತ ಓದಿಗೆ ಎರಡು ಪಟ್ಟು ಬೆಲೆ ಕೊಟ್ಟ ನಾಡು ಎಂದು ಹೆಮ್ಮೆ ಪಡುವಷ್ಟರಲ್ಲಿ ಇನ್ನೊಂದು ಸಂಗತಿ ಎದುರಾಗುತ್ತದೆ: ವಸೂಲಾದ ಗ್ರಂಥಾಲಯ ಕರವನ್ನು ಎಷ್ಟೋ ಸ್ಥಳೀಯ ಸಂಸ್ಥೆಗಳು ವರ್ಷಗಟ್ಟಲೆ ತಮ್ಮಲ್ಲೇ ಉಳಿಸಿಕೊಳ್ಳುತ್ತವೆ. ಗ್ರಂಥಾಲಯದವರು ತಮ್ಮ ಪಾಲಿಗಾಗಿ ಅವರ ಬಾಗಿಲಲ್ಲಿ ಕೈ ಚಾಚಿ ನಿಲ್ಲಬೇಕು. ಹಾಗೆ ನಿಂತವರಿಗೆ ಸಲ್ಲಬೇಕಾದದ್ದು ಶೇ 6ರ ಕರವೋ ಶೇ 3ರ ಕರವೋ ಎಂಬುದನ್ನು ಲೆಕ್ಕಪತ್ರ ಬಲ್ಲವರೇ ಹೇಳಬೇಕು.

ಡಿಜಿಟಲ್ ವಿಭಾಗವೂ ನಮ್ಮಲ್ಲಿದೆ. ಕಂಪ್ಯೂಟರಿಗೆ ಹೂವಿನ ಚಿತ್ತಾರದ ಬಟ್ಟೆ ಹೊದಿಸಿದ್ದಾರೆ. ಪಾಸ್‌ವರ್ಡ್ ಗೊತ್ತಿದ್ದವರಿಗೆ ವರ್ಗವಾಗಿದೆ.

ಜನ ಓದುವುದಿಲ್ಲ ಎಂಬ ನೆಪವನ್ನು ಮಾತ್ರ ನಾನು ಒಪ್ಪುವುದಿಲ್ಲ. 2023ರ ಜನವರಿಯಲ್ಲಿ ಹಾವೇರಿಯಲ್ಲಿ 86ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆಯಿತು. ಅಲ್ಲಿಯ ಪುಸ್ತಕ ಮಳಿಗೆಗಳಲ್ಲಿ ನಮ್ಮ ಜನ ಪುಸ್ತಕವನ್ನು ಕೈಗೆತ್ತಿಕೊಂಡರು, ಹಾಳೆ ತಿರುವಿದರು, ಹಿಂಬದಿಯ ಬೆಲೆ ನೋಡಿ ಉಗುಳು ನುಂಗಿದರು, ಆದರೂ ಕೊಂಡರು. ಅಲ್ಲಿ ಗಾಜಿನ ಬಾಗಿಲಿರಲಿಲ್ಲ, ಅಷ್ಟೆ.

ಕಳೆದ ಸಪ್ತಾಹದ ಸಮಾರೋಪದಲ್ಲಿ ನಮ್ಮ ಮೇಲ್ವಿಚಾರಕರಿಗೆ ಸನ್ಮಾನ ನಡೆಯಿತು. ವರ್ಷವಿಡೀ ಒಂದೇ ಒಂದು ಪುಸ್ತಕವೂ ಕಳೆಯದ, ಹರಿಯದ, ಮಾಸದ ಸಾಧನೆಗಾಗಿ. ಎರಡು ಮಾತಾಡಿ ಎಂದಾಗ ಸಂಕೋಚದಿಂದಲೇ ಮೈಕಿನ ಮುಂದೆ ನಿಂತು, ಓದುಗರ ಸಹಕಾರವಿಲ್ಲದಿದ್ದರೆ ಇದು ಸಾಧ್ಯವಾಗುತ್ತಿರಲಿಲ್ಲ ಎಂದರು.