ಬೆಲ್ಟ್ ಇತ್ತು, ಹುಕ್ಕು ಎಲ್ಲಿತ್ತು?

ಉಕ್ಕಿನ ಕಟ್ಟಡ ಎಬ್ಬಿಸುವಾಗ ಯಾರಾದರೂ ಬಿದ್ದರೆ ಎಲ್ಲರೂ ಕೇಳೋದು ಒಂದೇ: ಬೆಲ್ಟ್ (ಮೈಗೂ ತೊಡೆಗೂ ಪಟ್ಟಿ ಇರುವ ಸೇಫ್ಟಿ ಹಾರ್ನೆಸ್) ಹಾಕಿದ್ನಾ? ಹುಕ್ಕು ಯಾವುದಕ್ಕೆ ಸಿಕ್ಕಿಸಿದ್ದ, ಕೆಳಗೆ ಎಷ್ಟು ಜಾಗ ಇತ್ತು ಅಂತ ಕೇಳುವವರು ಕಡಿಮೆ.

ಲೆಕ್ಕ ಹಾಕಿ ನೋಡಿ. ನೆಲದಿಂದ 4 ಮೀಟರ್ ಮೇಲಿನ ಬೀಮ್ ಮೇಲೆ ನಿಂತವನು ಕಾಲಡಿಯ ಬೀಮಿಗೇ ಹುಕ್ಕು ಹಾಕಿದ್ದಾನೆ. ಬೆಲ್ಟನ್ನೂ ಹುಕ್ಕನ್ನೂ ಜೋಡಿಸುವ ಹಗ್ಗ, ಅಂದರೆ ಲ್ಯಾನ್ಯಾರ್ಡ್, 1.8 ಮೀಟರ್. ಜಗ್ಗಿನ ಪೆಟ್ಟು ಕಡಿಮೆ ಮಾಡೋಕೆ ಅದರಲ್ಲಿ ಮಡಚಿಟ್ಟ ಪಟ್ಟಿ, ಅಂದರೆ ಶಾಕ್ ಅಬ್ಸಾರ್ಬರ್, ಬಿಚ್ಚಿಕೊಳ್ಳೋಕೆ ಇನ್ನೊಂದು ಮೀಟರ್. ಲ್ಯಾನ್ಯಾರ್ಡ್ ಸಿಕ್ಕಿಸುವ ಬೆನ್ನಿನ ಬಳೆ, ಡಿ-ರಿಂಗ್‌ನಿಂದ ಪಾದಕ್ಕೆ ಒಂದೂವರೆ. ಒಟ್ಟು 4.3. ಲ್ಯಾನ್ಯಾರ್ಡ್ ಹಿಡಿದು ನಿಲ್ಲಿಸುವ ಮೊದಲೇ ಕಾಲು ನೆಲಕ್ಕೆ ಬಡಿದಿರುತ್ತೆ. ಸಾಲದ್ದಕ್ಕೆ, ಡಿ-ರಿಂಗ್ ಬೀಮಿಗಿಂತ ಒಂದೂವರೆ ಮೀಟರ್ ಮೇಲಿದ್ದದ್ದರಿಂದ, ಲ್ಯಾನ್ಯಾರ್ಡ್ ಬಿಗಿಯಾಗುವ ಹೊತ್ತಿಗೆ ಮೈ 3.3 ಮೀಟರ್ ಇಳಿದಿರುತ್ತೆ. ಹಲವು ಮಾಮೂಲಿ ಅಬ್ಸಾರ್ಬರ್ ಮಾಡಿರೋದೇ 1.8 ಮೀಟರ್ ಬೀಳುವಿಕೆಗೆ. ಅದೇ ಹುಕ್ಕು ತಲೆಯ ಮೇಲಿದ್ದಿದ್ದರೆ ಲೆಕ್ಕವೇ ಬೇರೆ.

ತಲೆಯ ಮೇಲೆ ಹುಕ್ಕು ಹಾಕೋಕೆ ಜಾಗ ಎಲ್ಲಿಂದ ಬರಬೇಕು? ಡ್ರಾಯಿಂಗ್‌ನಿಂದ. ಒಬ್ಬನ ಆಂಕರ್ (ಹುಕ್ಕು ಸಿಕ್ಕಿಸುವ ಜಾಗ) 22 ಕಿಲೋನ್ಯೂಟನ್, ಅಂದರೆ ಎರಡು ಟನ್‌ಗೂ ಹೆಚ್ಚು ತಡೀಬೇಕು ಅನ್ನೋದು ರೂಢಿಯ ಅಳತೆ. ಕೇಬಲ್ ಟ್ರೇ, ಹ್ಯಾಂಡ್‌ರೈಲ್ ಪೈಪ್ ಇದಕ್ಕೆ ಆಗಲ್ಲ. ಅಂಚಿನ ಬೇಲಿಯೂ ಡ್ರಾಯಿಂಗ್‌ನಿಂದಲೇ ಬರಬೇಕು: ಅಂಚಿನ ಕಾಲಂಗಳನ್ನು (ಕಂಬಗಳನ್ನು) ಮಹಡಿಯ ಮಟ್ಟಕ್ಕಿಂತ 1.2 ಮೀಟರ್ ಮೇಲಕ್ಕೆ ಬಿಟ್ಟು, ಸುಮಾರು 1.1 ಮೀಟರಿಗೆ ಒಂದು, ಅದರ ಅರ್ಧಕ್ಕೆ ಒಂದು ತೂತು ಉಕ್ಕು ತಯಾರಿಸುವ ಶಾಪ್‌ನಲ್ಲೇ ಕೊರೆದು ಕಳಿಸಿದರೆ ಬೇಲಿಯಾಗುವ ಅಂಚಿನ ತಂತಿ ಸಲೀಸಾಗಿ ಎಳೀಬಹುದು. ಅದನ್ನು ಬಿಟ್ಟರೆ ಬೇಲಿ ಹಾಕೋಕೇ ಒಬ್ಬ ಬೇಲಿ ಇಲ್ಲದ ಅಂಚಲ್ಲಿ ಕೂತು ವೆಲ್ಡಿಂಗ್ ಮಾಡಬೇಕಾಗುತ್ತೆ.

ಇನ್ನೊಂದು, ಹೊರಗಿನವರಿಗೆ ಕಾಣದ್ದು. ಕೆಲವು ಕಡೆ ಕಾಲಂ ವೆಬ್‌ನ (ಕಂಬದ ನಡುವಿನ ತೆಳು ಹಲಗೆಯ) ಎರಡೂ ಕಡೆಯ ಬೀಮ್‌ಗಳು ಒಂದೇ ಬೋಲ್ಟುಗಳನ್ನು ಹಂಚಿಕೊಂಡಿರುತ್ತವೆ. ಅಲ್ಲಿ ಎರಡನೇ ಬೀಮ್ ಸೇರಿಸೋಕೆ ಮೊದಲನೆಯದರ ನಟ್ ಬಿಚ್ಚಲೇಬೇಕು. ಆ ಗಳಿಗೆಯಲ್ಲಿ ಮೊದಲನೇ ಬೀಮ್ ಜಾರಿದರೆ ಅದರ ಮೇಲೆ ಕೂತವನೂ ಅದರ ಜೊತೆಗೇ ಹೋದ. ಕೆಳಗೆ ಬೀಮ್ ಕೂರೋಕೆ ಒಂದು ಎಲ್ ಆಕಾರದ ತುಂಡು, ಅಂದರೆ ಸೀಟ್ ಆಂಗಲ್, ಇಲ್ಲವೇ ಬೇರೆ ತೂತಿನಲ್ಲಿ ಒಂದು ಹೆಚ್ಚುವರಿ ಬೋಲ್ಟು ಇದ್ದರೆ ಬೀಮ್ ಕೂತಲ್ಲೇ ಕೂರುತ್ತೆ. ಇಷ್ಟು ಸಣ್ಣ ತುಂಡನ್ನು ಉಕ್ಕಿನ ಟನ್ ಲೆಕ್ಕ ಉಳಿಸೋಕೆ ತೆಗೆದುಹಾಕೋದು ನನ್ನ ಪ್ರಕಾರ ಅಪರಾಧ. ಹಾಗೇ, ಬೀಮಿನ ಎರಡೂ ತುದಿಗೆ ಎರಡೆರಡು ಬೋಲ್ಟು ಸ್ಪ್ಯಾನರಿನಿಂದ ಬಿಗಿಯಾಗುವ ತನಕ ಅದನ್ನು ಎತ್ತಿಹಿಡಿದ ಕ್ರೇನಿನ ಹಗ್ಗ (ಸ್ಲಿಂಗ್) ಬಿಡಬಾರದು. ಕೈಯಲ್ಲಿ ತಿರುಗಿಸಿಟ್ಟ ನಟ್ ಲೆಕ್ಕಕ್ಕಿಲ್ಲ.

ಮಹಡಿಗೆ ಹಾಸುವ ತಗಡು, ಅಂದರೆ ಡೆಕ್ ಶೀಟ್, ಹಾಸಿ, ಫಿಕ್ಸ್ ಮಾಡದೇ ಊಟಕ್ಕೆ ಇಳಿಯೋದೂ ಹೀಗೇ. ಆಧಾರ ದಾಟಿ ಚಾಚಿದ ತುದಿಗೆ ಕಾಲಿಟ್ಟರೆ ಆ ಕಡೆ ಏಳುತ್ತೆ, ಈ ಕಡೆ ಮುಳುಗುತ್ತೆ.

ಬೆಲ್ಟ್ ಹಿಡಿದುಕೊಂಡಿತು ಅಂತಲೇ ಇಟ್ಟುಕೊಳ್ಳಿ. ತೂಗಾಡುವವನ ತೊಡೆಪಟ್ಟಿ ಬಿಗಿದು, ಕಾಲಲ್ಲೇ ರಕ್ತ ನಿಂತು, ನಿಮಿಷಗಳಲ್ಲೇ ಎಚ್ಚರ ತಪ್ಪಬಹುದು. ಕಾಲೂರಿ ನಿಲ್ಲೋಕೆ ಬೆಲ್ಟಿಗೆ ಪಟ್ಟಿ ಇದೆಯಾ? ಇಳಿಸೋಕೆ ಯಾರು ಹೋಗ್ತಾರೆ, ಯಾವ ಲಿಫ್ಟಲ್ಲಿ? ಬೆಳಿಗ್ಗೆ ಮೊದಲ ಬೀಮ್ ಎತ್ತುವ ಮೊದಲು ಇದಕ್ಕೆ ಹೆಸರು ಹಿಡಿದು ಉತ್ತರ ಸಿಗಬೇಕು. ಸಿಗದಿದ್ದರೆ ಕ್ರೇನ್ ಸ್ಟಾರ್ಟ್ ಮಾಡಬೇಡಿ.