ಮಂಜಿನ ರಾಣಿಗೆ ಮಾರ್ಕ್ಸ್ ಹಾಕಲು ಹೋಗಿ

2014ರ ಏಪ್ರಿಲ್ ಕೊನೆ. ದಾವಣಗೆರೆಯಲ್ಲಿ ಫ್ಯಾನ್ ಹಾಕಿದರೆ ಬಿಸಿಗಾಳಿ, ಆರಿಸಿದರೆ ಬೆವರು. ಅಂಥ ಹೊತ್ತಿನಲ್ಲಿ ನ್ಯೂಜೆರ್ಸಿಯ ನನ್ನ ಭಾಮೈದ ಯಾರದೋ ಕೈಯಲ್ಲಿ ಒಂದು ಪೊಟ್ಟಣ ಕಳಿಸಿದ. ಅರ್ಧ ಕರಗಿದ ಚಾಕೊಲೇಟು, ಎರಡು ಶಾಂಪೂ ಬಾಟಲಿ, ಕೆಳಗೆ ‘ಫ್ರೋಝನ್’ ಎಂಬ ಡಿಸ್ನಿ ಅನಿಮೇಷನ್ ಸಿನಿಮಾದ ಬ್ಲೂ-ರೇ, ಅಂದರೆ ಡಿವಿಡಿಯ ದೊಡ್ಡಣ್ಣ. ಆ ಸಿನಿಮಾಕ್ಕೆ ಮಾರ್ಚಿನಲ್ಲಷ್ಟೇ ಎರಡು ಆಸ್ಕರ್ ಬಂದಿತ್ತು. ಅದೇ ತಿಂಗಳು 18ಕ್ಕೆ ಅಮೆರಿಕದಲ್ಲಿ ಡಿಸ್ಕ್ ಬಿಡುಗಡೆಯಾಗಿತ್ತು. ಮೇಲೆ ಚೀಟಿ: “ಪುಟ್ಟಿಗೆ. ಭಾವ, ಡಿಸ್ಕ್ ಹೇಗಿದೆ ಅಂತ ನೋಡಿ ಹೇಳಿ.”

ಈ ಕೊನೆಯ ಸಾಲು ನನ್ನ ತಲೆಗೇರಿತು. ಹೊರದೇಶದವರು ಡಿಸ್ಕ್ ವಿಮರ್ಶೆ ಬರೆಯುವುದನ್ನು ನಾನು ಓದುತ್ತಿದ್ದೆ. ಅವರು ಸಿನಿಮಾಕ್ಕೆ ಬೇರೆ ಮಾರ್ಕ್ಸ್ ಕೊಡುತ್ತಾರೆ, ಚಿತ್ರದ ಗುಣಮಟ್ಟಕ್ಕೆ ಬೇರೆ, ಧ್ವನಿಗೆ ಬೇರೆ, ಹೆಚ್ಚುವರಿ ಸರಕಿಗೆ ಬೇರೆ. ಗಂಡು-ಹೆಣ್ಣು ಹೇಗಾದರೂ ಇರಲಿ, ಹೋಳಿಗೆ ಚೆನ್ನಾಗಿತ್ತು ಅನ್ನುವ ಮದುವೆ ನೆಂಟರ ಹಾಗೆ. ನಾನೂ ಪುಟ್ಟಿಯ ಹಳೇ ಗಣಿತದ ಪುಸ್ತಕದಲ್ಲಿ ಮೂರು ಗೆರೆ ಎಳೆದು ಕಾಲಂ ಮಾಡಿಕೊಂಡು ಕೂತೆ.

ಪೆಟ್ಟಿಗೆಯಲ್ಲಿ ಎರಡು ಡಿಸ್ಕ್ ಇದ್ದವು. ಒಂದು ಬ್ಲೂ-ರೇ, ಒಂದು ಡಿವಿಡಿ. ನಮ್ಮ ಮನೆಯಲ್ಲಿದ್ದದ್ದು ಡಿವಿಡಿ ಪ್ಲೇಯರ್. ಮೊದಲು ಬ್ಲೂ-ರೇ ಹಾಕಿದೆ, ಮರ್ಯಾದೆಯ ಪ್ರಶ್ನೆ ಅಲ್ವಾ. ಅದು ಡಿಸ್ಕನ್ನು ಒಳಗೆಳೆದುಕೊಂಡು, ಸ್ವಲ್ಪ ಹೊತ್ತು ಗರಗರ ತಿರುಗಿಸಿ, ‘ನೋ ಡಿಸ್ಕ್’ ಅಂತು. ಉಂಡೆ ಬಾಯಲ್ಲಿಟ್ಟುಕೊಂಡೇ ತಿಂದಿಲ್ಲ ಅಂತ ತಲೆಯಾಡಿಸುವ ಮಗುವಿನ ಹಾಗೆ. ಆಮೇಲೆ ಡಿವಿಡಿ ಹಾಕಿದೆ. ‘ರಾಂಗ್ ರೀಜನ್’. ಡಿವಿಡಿಯವರ ಭೂಪಟದಲ್ಲಿ ಅಮೆರಿಕ ರೀಜನ್ 1, ನಾವು ರೀಜನ್ 5. ಅಲ್ಲಿಯವರಿಗೆ ಬಡಿಸಿದ್ದು ಇಲ್ಲಿಯ ಪಂಕ್ತಿಗೆ ಬರುವಂತಿಲ್ಲ.

ಪಕ್ಕದ ಮನೆ ಮೇಷ್ಟ್ರ ಮಗ ಆಗಷ್ಟೇ ಟೆಕ್ಸಸ್‌ನಿಂದ ರಜೆಗೆ ಬಂದಿದ್ದ. ಅಪ್ಪನಿಗೆ ಅಂತ ಅಲ್ಲಿಂದಲೇ ಬ್ಲೂ-ರೇ ಪ್ಲೇಯರ್ ತಂದಿದ್ದ. ಮೇಷ್ಟ್ರು ಅದರ ಬೆನ್ನ ಮೇಲಿನ ‘120 ವೋಲ್ಟ್’ ಓದಿ, ನಮ್ಮ 230ರ ಕರೆಂಟ್ ನೆನೆದು, ಟವೆಲ್ ಹೊದಿಸಿ ಬೀರುವಿನ ಮೇಲಿಟ್ಟಿದ್ದರು. ಕೇಳಿದ ತಕ್ಷಣ ಕೊಟ್ಟರು. “ಹಾಳಾದ್ರೆ ನಿಮ್ಮ ಮನೆಯಲ್ಲೇ ಹಾಳಾಗ್ಲಿ” ಎಂಬ ಸಮಾಧಾನ ಮುಖದಲ್ಲಿ ಕಾಣುತ್ತಿತ್ತು. ಎಲೆಕ್ಟ್ರಿಕಲ್ ಅಂಗಡಿಯಿಂದ ಒಂದು ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ತಂದೆ. ಇಡ್ಲಿ ಪಾತ್ರೆಯಷ್ಟು ಗಾತ್ರದ ಕಬ್ಬಿಣದ ಡಬ್ಬ. ಸ್ವಿಚ್ ಹಾಕಿದ ಕೂಡಲೇ ‘ಗುಂಯ್ಯ್’ ಅಂತ ಶುರುಮಾಡಿತು. ಆರಿಸುವ ತನಕ ನಿಲ್ಲಲಿಲ್ಲ.

ಚಿತ್ರ ಬಂತು. ಮೇಲೊಂದು ಕಪ್ಪು ಪಟ್ಟಿ, ಕೆಳಗೊಂದು ಕಪ್ಪು ಪಟ್ಟಿ.

“ಟಿವಿ ಹೋಯ್ತೇನೋ?” ಅಂದಳು ಅಮ್ಮ.

ಹೋಗಿಲ್ಲಮ್ಮ, ಈ ಸಿನಿಮಾದ ಅಗಲ ಎತ್ತರಕ್ಕಿಂತ 2.24 ಪಟ್ಟು, ನಮ್ಮ ಟಿವಿಯದು 1.78 ಪಟ್ಟು, ಹಾಗಾಗಿ ಪರದೆಯ ಸುಮಾರು ಐದನೇ ಒಂದು ಭಾಗ ಕಪ್ಪಾಗಿ ಉಳಿಯುತ್ತೆ, ಅದೇ ಸರಿಯಾದ ಕ್ರಮ ಅಂತ ವಿವರಿಸಿದೆ. ಅಮ್ಮ ಪೂರ್ತಿ ಕೇಳಿ, “ದುಡ್ಡು ಮಾತ್ರ ಪೂರ್ತಿ ತಗೊಂಡಿರ್ತಾರೆ” ಅಂದಳು. ನನ್ನ ಹೆಂಡತಿ ಸುಮ್ನೆ ರಿಮೋಟ್ ತಗೊಂಡು ಜೂಮ್ ಒತ್ತಿದಳು. ಪಟ್ಟಿ ಹೋಯಿತು. ಜೊತೆಗೆ ತೆರೆಯ ಎಡಗಡೆ ನಿಂತಿದ್ದ, ಸಿನಿಮಾದ ಅಕ್ಕ-ತಂಗಿಯರಲ್ಲಿ ತಂಗಿಯ ಅರ್ಧ ಮುಖವೂ ಹೋಯಿತು. ಹೆಂಡತಿಗದು ನಷ್ಟ ಅನ್ನಿಸಲಿಲ್ಲ. ನಾನು ವಾಪಸ್ ಮಾಡುವುದು, ಅವಳು ಜೂಮ್ ಮಾಡುವುದು, ಹೀಗೆ ಮೊದಲ ಇಪ್ಪತ್ತು ನಿಮಿಷ ಕಳೆಯಿತು.

ಚಿತ್ರಕ್ಕೆ ಮಾರ್ಕ್ಸ್ ಹಾಕುವುದಕ್ಕೆ ನಾನು ಅಕ್ಕನ, ಅಂದರೆ ಮಂಜಿನ ರಾಣಿ ಎಲ್ಸಾಳ ಜಡೆಯನ್ನು ಆರಿಸಿಕೊಂಡಿದ್ದೆ. ಅವಳ ತಲೆಯಲ್ಲಿ ಸುಮಾರು 4,20,000 ಎಳೆ ಕೂದಲು ಕೂರಿಸಿದ್ದಾರೆ. ನಿಜವಾದ ಮನುಷ್ಯರಿಗೆ ಲಕ್ಷದ ಆಸುಪಾಸು. ಒಳ್ಳೆಯ ಡಿಸ್ಕಾದರೆ ಎಳೆ ಎಳೆಯೂ ಬೇರೆ ಬೇರೆ ಕಾಣಬೇಕು. ನಾನು ಟಿವಿಗೆ ಗೇಣು ದೂರದಲ್ಲಿ ಮೂಗು ತಂದು ನಿಂತೆ. ಜಡೆಯ ಹೆಣಿಗೆಯೊಳಗೆ ಬೆಳಕು ಹೊಕ್ಕು ಹೊರಬರುವುದು, ಕಿವಿಯ ಹತ್ತಿರ ಹಾರುವ ಸಣ್ಣ ಕೂದಲು, ಎಲ್ಲ ಸ್ಪಷ್ಟ. ಐದಕ್ಕೆ ಐದು ಅಂತ ಬರೆಯುವಷ್ಟರಲ್ಲಿ ಹಿಂದಿನಿಂದ ಹೆಂಡತಿ, “ರೀ, ಯಾವ ಎಣ್ಣೆ ಹಚ್ತಾಳಂತೆ ಕೇಳಿ, ನಿಮಗೂ ತರೋಣ” ಅಂದಳು. ನನ್ನ ತಲೆಯ ಲೆಕ್ಕಕ್ಕೆ ಲಕ್ಷ ಬೇಕಿಲ್ಲ, ಬಿಡಿ.

ಡಿಸ್ಕಿನಲ್ಲಿ ಕನ್ನಡ ಇರಲಿಲ್ಲ. ಆಗ ಕನ್ನಡಕ್ಕೆ ಡಬ್ಬಿಂಗ್ ಅಂದರೇನೇ ಜಗಳ. ಹೀಗಾಗಿ ಅಮ್ಮನಿಗೆ ಡಬ್ಬಿಂಗ್ ಕಲಾವಿದ ನಾನೇ ಆದೆ. ಅಕ್ಕ, ತಂಗಿ, ಅಪ್ಪ, ಬಂಡೆ ರೂಪದ ಟ್ರೋಲ್‌ಗಳು, ಎಲ್ಲಕ್ಕೂ ಒಂದೇ ಗಂಟಲು. ಅವರು ಎರಡು ಮಾತಾಡುವಷ್ಟರಲ್ಲಿ ನಾನು ಒಂದರಲ್ಲಿರುತ್ತಿದ್ದೆ. ಹಾಡು ಬಂದಾಗ ಮಾತ್ರ ಉಸಿರು ಬಿಡುತ್ತಿದ್ದೆ. ಎಲ್ಸಾ ಮುಟ್ಟಿದ್ದೆಲ್ಲ ಹಿಮವಾಗುವುದನ್ನು ನೋಡಿ ಅಮ್ಮ ನನ್ನನ್ನು ತಡೆದಳು. “ಗೊತ್ತಾಯ್ತು ಬಿಡೋ. ಇವಳು ಭಸ್ಮಾಸುರನ ಕಡೆಯವಳು. ಅವನದು ಬೂದಿ, ಇವಳದು ಐಸು.” ಬೇಸಿಗೆ ಬೇಕು ಅಂತ ಕನಸು ಕಾಣುವ ಹಿಮದ ಗೊಂಬೆ ಓಲಾಫ್ ಬಂದಾಗ ಮನೆಯೆಲ್ಲ ನಕ್ಕಿತು. ಅಮ್ಮ ನಗಲಿಲ್ಲ. ಬೀಸಣಿಗೆ ಬೀಸಿಕೊಳ್ಳುತ್ತಾ, “ಅವನ್ನ ಇಲ್ಲಿಗೊಂದು ಸಲ ಕಳಿಸಿ” ಅಂದಳು.

ಧ್ವನಿಯ ವಿಷಯಕ್ಕೆ ಬಂದರೆ, ಡಿಸ್ಕಿನಲ್ಲಿದ್ದದ್ದು 7.1. ಅಂದರೆ ಏಳು ಸ್ಪೀಕರು, ಒಂದು ಸಬ್ ವೂಫರ್. ನಮ್ಮಲ್ಲಿದ್ದದ್ದು ಟಿವಿಯ ಎರಡು ಸ್ಪೀಕರು, ಒಂದು ಟ್ರಾನ್ಸ್‌ಫಾರ್ಮರು. ಮಾತು ಪಿಸುಪಿಸು, ಹಾಡು ಧೋ ಅಂತ. ಮಾತಿಗೆ ಏರಿಸು, ಹಾಡಿಗೆ ಇಳಿಸು. ಮಂಜಿನ ಗುಡ್ಡದ ಮೌನದಲ್ಲೂ ಗುಂಯ್ಯ್ ಅನ್ನುತ್ತಲೇ ಇತ್ತು. ಅಮ್ಮ, “ಆ ಊರಲ್ಲಿ ಜೇನು ಜಾಸ್ತಿ ಅನ್ಸತ್ತೆ” ಅಂದಳು. ಧ್ವನಿಯ ಕಾಲಂ ಖಾಲಿ ಬಿಟ್ಟೆ. ಪುಟ್ಟಿ ಅಲ್ಲಿ ಕ್ಯಾರೆಟ್ ಮೂಗಿನ ಗೊಂಬೆ ಬರೆದಳು.

‘ಲೆಟ್ ಇಟ್ ಗೋ’ ಹಾಡು ಮುಗಿದದ್ದೇ ತಡ, ಪುಟ್ಟಿ “ಅಪ್ಪಾ, ಇನ್ನೊಂದ್ ಸಲ” ಅಂದಳು. ಎರಡನೇ ಸಲಕ್ಕೆ ರಿಮೋಟ್ ಅವಳ ಕೈಗೆ ಹೋಯಿತು. ಎಲ್ಸಾ ಹಿಮದ ಅರಮನೆಯ ಉಪ್ಪರಿಗೆಗೆ ನಡೆದು ಬರುವ ಶಾಟ್‌ನ ಒಂದೊಂದು ಫ್ರೇಮ್ ತಯಾರಾಗುವುದಕ್ಕೆ ಕಂಪ್ಯೂಟರಿಗೆ 30 ಗಂಟೆಗೂ ಜಾಸ್ತಿ ಬೇಕಾಗಿತ್ತು. ಸೆಕೆಂಡಿಗೆ ಅಂಥವು 24. ಅಷ್ಟು ಕಷ್ಟಪಟ್ಟಿದ್ದನ್ನು ಪುಟ್ಟಿ ಅವತ್ತು ಒಂಬತ್ತು ಸಲ ಓಡಿಸಿದಳು. ಹತ್ತನೇ ಸಲಕ್ಕೆ ಚಿತ್ರ ನಿಂತೇ ಹೋಯಿತು. ಉಪ್ಪರಿಗೆಯ ಮೇಲೆ ಎಲ್ಸಾ ಕೈ ಎತ್ತಿ ನಿಂತವಳು ನಿಂತೇ ಇದ್ದಳು. ಡಿಸ್ಕ್ ಹೊರತೆಗೆದು ಬೆಳಕಿಗೆ ಹಿಡಿದರೆ ಪುಟ್ಟ ಹೆಬ್ಬೆರಳಿನ ಗುರುತು, ಒತ್ತಿದ ಮುದ್ರೆಯ ಹಾಗೆ. ಸಾಯಂಕಾಲ ಮಿರ್ಚಿ ಮಂಡಕ್ಕಿ ತಿಂದಿದ್ದೆವು. ಮಿರ್ಚಿಯ ಎಣ್ಣೆ, ಅದಕ್ಕಂಟಿದ ಅರಿಶಿನ, ಒಂದು ಚೂರು ಕೊತ್ತಂಬರಿ. ನಾನು ಮಧ್ಯಾಹ್ನವೇ ಡಿಸ್ಕನ್ನು ಹೀಗಲ್ಲ, ಅಂಚು ಹಿಡಿದು ಎತ್ತಬೇಕು ಅಂತ ಅವಳಿಗೆ ತೋರಿಸಿಕೊಟ್ಟಿದ್ದೆ. ತೋರಿಸಿಕೊಟ್ಟಿದ್ದೇ ತಪ್ಪಾಯ್ತು.

ಮೇಷ್ಟ್ರು ಅಷ್ಟರಲ್ಲಿ ತಮ್ಮ ಪ್ಲೇಯರಿನ ಯೋಗಕ್ಷೇಮ ವಿಚಾರಿಸಲು ಬಂದಿದ್ದರು. “ಟೂತ್‌ಪೇಸ್ಟ್ ಹಚ್ಚಿ ಉಜ್ಜಿ” ಅಂದರು. ಡಿವಿಡಿಯಲ್ಲಿ ಮಾಹಿತಿ ಇರುವುದು ಮೇಲ್ಮೈಯಿಂದ 0.6 ಮಿಲಿಮೀಟರ್ ಒಳಗೆ, ಬ್ಲೂ-ರೇಯಲ್ಲಿ ಬರೀ 0.1 ಮಿಲಿಮೀಟರ್. ಗೀರು ಬಿತ್ತೆಂದರೆ ಕತೆ ಮುಗೀತು. ಇದನ್ನೆಲ್ಲ ಹೇಳಿ ಮುಗಿಸುವಷ್ಟರಲ್ಲಿ ಅಮ್ಮ ಡಿಸ್ಕನ್ನು ತನ್ನ ಹಳೇ ಹತ್ತಿ ಸೀರೆಯ ಸೆರಗಿನಿಂದ ಒರೆಸಿ, ಉಫ್ ಅಂತ ಊದಿ, ಟ್ರೇನಲ್ಲಿ ಇಟ್ಟಾಗಿತ್ತು. ಓಡಿತು! ಆ ಡಿಸ್ಕಿನ ಗಟ್ಟಿತನಕ್ಕೆ ನಾನು ಕೊಟ್ಟ ಮಾರ್ಕ್ಸ್ ಒಂದೇ ನಿಜವಾದ ಮಾರ್ಕ್ಸ್.

ಸಿನಿಮಾ 102 ನಿಮಿಷದ್ದು. ಇನ್ನು ಹದಿನೈದು ನಿಮಿಷ ಇದೆ ಅನ್ನುವಾಗ ಕರೆಂಟ್ ಹೋಯಿತು. ಯುಪಿಎಸ್ ಇತ್ತು. ಅದು ಎರಡು ಲೈಟು, ಒಂದು ಫ್ಯಾನಿಗೆ. ಮಾರನೇ ದಿನ ಕರೆಂಟ್ ಇದ್ದಾಗ ರಿಮೋಟ್ ಪುಟ್ಟಿಯ ಕೈಯಲ್ಲಿತ್ತು. ಅವಳಿಗೆ ಕತೆಯ ಕೊನೆ ಬೇಡ, ಹಾಡು ಬೇಕು.

ಒಂದು ರಾತ್ರಿ ಎಲ್ಲರೂ ಮಲಗಿದ ಮೇಲೆ ಹೆಚ್ಚುವರಿ ಸರಕನ್ನಾದರೂ ನೋಡೋಣ ಅಂತ ಕೂತೆ. ‘ದಿ ಮೇಕಿಂಗ್ ಆಫ್ ಫ್ರೋಝನ್’ ಅಂತ ಒಂದಿತ್ತು. ಹಿಮವನ್ನು ಹೇಗೆ ಮಾಡಿದರು, ಕೂದಲನ್ನು ಹೇಗೆ ಕೂರಿಸಿದರು, ಎಲ್ಲ ತಿಳಿಯುತ್ತೆ ಅಂತ ಪೆನ್ನಿನ ಕ್ಯಾಪ್ ತೆಗೆದು ಸಿದ್ಧನಾದೆ. ಸಿನಿಮಾಕ್ಕೆ ದನಿ ಕೊಟ್ಟ ಕ್ರಿಸ್ಟೆನ್ ಬೆಲ್, ಜಾಶ್ ಗ್ಯಾಡ್, ಜೊನಾಥನ್ ಗ್ರಾಫ್ ಸ್ಟುಡಿಯೋ ತುಂಬ ಹಾಡಿ ಕುಣಿದರು. ಈ ಸಿನಿಮಾ ಹೇಗೆ ಮಾಡಿದರು ಎಂಬುದೇ ಹಾಡಿನ ಪ್ರಶ್ನೆ. ಉತ್ತರ ಹೇಳದೆಯೇ ಹಾಡು ಮುಗಿಯಿತು! ಬೇಕಂತಲೇ ಮಾಡಿದ ತಮಾಷೆ ಅದು. ಮಧ್ಯರಾತ್ರಿ ಪೆನ್ನು ಹಿಡಿದು ಕೂತವನಿಗೆ ತಕ್ಷಣ ಹೊಳೆಯಲಿಲ್ಲ, ಅಷ್ಟೆ. ಅದೇ ಜಾಗದಲ್ಲಿ ಮುಖ್ಯ ಹಾಡಿನ ಮಲಯ್ ಭಾಷೆಯ ವಿಡಿಯೋ ಸಿಕ್ಕಿತು. ಅದು ಎಷ್ಟು ಹಿಡಿಸಿತೆಂದರೆ ಎರಡು ಸಲ ನೋಡಿದೆ. ಮೂರನೇ ಸಲಕ್ಕೆ ಪುಟ್ಟಿ ಕಣ್ಣುಜ್ಜಿಕೊಂಡು ಬಂದು ಪಕ್ಕದಲ್ಲಿ ಕೂತಳು. ಟ್ರಾನ್ಸ್‌ಫಾರ್ಮರ್ ಮುಟ್ಟಿದರೆ ದೋಸೆ ಹೆಂಚು.

ಹತ್ತನೇ ದಿನ ಮೇಷ್ಟ್ರ ಮಗನ ರಜೆ ಮುಗಿಯಿತು. “ಅಂಕಲ್, ಇಲ್ಲಿ ಇದು ಅಪ್ಪನಿಗೆ ಉಪಯೋಗಕ್ಕೆ ಬರಲ್ಲ, ವಾಪಸ್ ತಗೊಂಡ್ ಹೋಗ್ತೀನಿ” ಅಂತ ಬೆಳಗ್ಗೆ ಏಳಕ್ಕೇ ಬಂದು ಪ್ಲೇಯರ್ ಎತ್ತಿಕೊಂಡು ಹೋದ. ಕಾರು ಕಾಯುತ್ತಿತ್ತು. ನಾನೇ ವೈರ್ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ ಕೊಟ್ಟೆ.

ಹತ್ತು ಗಂಟೆಗೆ ಪುಟ್ಟಿ ಎದ್ದು ಪೆಟ್ಟಿಗೆ ತೆರೆದಳು. ಒಳಗೆ ರೀಜನ್ 1ರ ಡಿವಿಡಿ ಮಾತ್ರ ಇತ್ತು.

ಆ ಭಾನುವಾರ ಭಾಮೈದನ ಫೋನು. “ಭಾವ, ಡಿಸ್ಕ್ ಹೇಗಿತ್ತು? ಕೊನೆ ಸೀನ್ ಸೂಪರ್ ಅಲ್ವಾ?”

“ನಿಮ್ಮ ದೇಶಕ್ಕೇ ಬಂದಿದೆ ಕಣೋ,” ಅಂದೆ. “ಟೆಕ್ಸಸ್ ನಿನಗೆಷ್ಟು ದೂರ?”